ಚೆಲ್ಲೋಗೆ ಸ-ಪ-ಸ-ಪ ಕಟ್ಟಿದ್ದು

ಪಿಟೀಲು ನುಡಿಸುವ ನಾನು ಅದರದೇ ಜಾತಿಯ, ಆದರೆ ದೊಡ್ಡ ಗಾತ್ರದ ಚೆಲ್ಲೋ ಹಿಡಿದದ್ದು ಯಾಕೆ ಅಂತ ಕೇಳುವವರಿಗೆ ಮೊದಲು ಅದರ ಶ್ರುತಿಯ ಲೆಕ್ಕ ಹೇಳುತ್ತೇನೆ. ಅದರ ತಂತಿಗಳು ದಪ್ಪದಿಂದ ತೆಳುವಿಗೆ ಸಿ, ಜಿ, ಡಿ, ಎ. ದಪ್ಪ ತಂತಿ ಸುಮಾರು 65 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ತೆಳು ತಂತಿ 220. ಪಿಟೀಲು ಶುರುವಾಗುವುದೇ 196ರಲ್ಲಿ. ಇವೆರಡರ ನಡುವಿನ ವಾದ್ಯ ವಯೋಲಾದ್ದು ಚೆಲ್ಲೋದ ಸ್ವರಗಳೇ, ಆದರೆ ಒಂದು ಸ್ಥಾಯಿ ಮೇಲೆ. ಚೆಲ್ಲೋಗಿಂತಲೂ ದೊಡ್ಡದಾದ ಡಬಲ್ ಬೇಸ್ 41ರವರೆಗೆ ಇಳಿಯುತ್ತದೆ. ಅಷ್ಟು ಕೆಳಗೆ ಗಮಕ ಯಾರ ಕಿವಿಗೂ ಬೀಳುವುದಿಲ್ಲ ಬಿಡಿ.

ಈಗ ಒಂದು ಮನೆ ಶ್ರುತಿಯಲ್ಲಿ, ಅಂದರೆ ಸಿ ಸ್ವರವನ್ನೇ ಷಡ್ಜ ಮಾಡಿಕೊಂಡು ಹಾಡುವ ಗಂಡಸಿನ ಕಂಠ ತೆಗೆದುಕೊಳ್ಳಿ. ನೀರ್ಚಾಲಿನಲ್ಲಿ ನಮ್ಮ ನೆರೆಮನೆಯ ಮಾವ ಹಾಡುವುದು ಅದರಲ್ಲೇ. ಅವರ ಮಧ್ಯ ಷಡ್ಜ (ನಡು ಸ್ಥಾಯಿಯ ಸ) ಸುಮಾರು 131 ಹರ್ಟ್ಸ್, ಮಂದ್ರ ಷಡ್ಜ (ಕೆಳ ಸ್ಥಾಯಿಯ ಸ) 65. ಅಂದರೆ ಚೆಲ್ಲೋದ ದಪ್ಪ ತಂತಿಯೇ ಮಂದ್ರ ಷಡ್ಜ, ಪಕ್ಕದ್ದು ಮಂದ್ರ ಪಂಚಮ. ಎರಡರ ಶ್ರುತಿಯನ್ನೂ ಬದಲಿಸಬೇಕಾಗಿಲ್ಲ. ಡಿಯನ್ನು ಸಿಗೆ, ಎಯನ್ನು ಜಿಗೆ ಇಳಿಸಿದೆ, ಅಷ್ಟೇ, ಸ-ಪ-ಸ-ಪ ಆಯಿತು. ಗಂಡಸರು ಹಾಡುವಾಗ ಪಿಟೀಲು ಸಾಮಾನ್ಯವಾಗಿ ಒಂದು ಸ್ಥಾಯಿ ಮೇಲೆ ಇರುತ್ತದೆ. ಚೆಲ್ಲೋ ಹಾಡುವವರ ಸ್ಥಾಯಿಯಲ್ಲೇ ಕೂರುತ್ತದೆ. ಮಾವ ತಾರ ಪಂಚಮ (ಮೇಲಿನ ಸ್ಥಾಯಿಯ ಪ) ಮುಟ್ಟಿದಾಗಲೂ ನನ್ನ ಬೆರಳು ತೆಳು ತಂತಿಯ ನಡುಮಧ್ಯದಲ್ಲಿರುತ್ತದೆ.

ಕಷ್ಟ ಇರುವುದು ಎಡಗೈಗೆ. ಪಿಟೀಲಿನಲ್ಲಿ ನುಡಿಯುವ ತಂತಿ ಸುಮಾರು 33 ಸೆಂಟಿಮೀಟರ್, ಚೆಲ್ಲೋದಲ್ಲಿ 69. ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಪಿಟೀಲಿನಲ್ಲಿ ಮೂರೂವರೆ ಸೆಂಟಿಮೀಟರ್ ಜಾರಿದರೆ ಸಾಕು, ಇಲ್ಲಿ ಏಳೂವರೆ. ತೋಡಿ ರಾಗದ ತೂಗಾಡುವ ಗಾಂಧಾರ ಪಿಟೀಲಿನಲ್ಲಿ ಬೆರಳಿನ ಕೆಲಸ. ಇಲ್ಲಿ ಮೊಣಕೈಯೇ ಆಡಬೇಕು. ದಪ್ಪ ತಂತಿ ಕಮಾನಿಗೆ ತಡವಾಗಿ ಓಗೊಡುತ್ತದೆ, ಜೋರು ಓಟದ ಸ್ವರಗಳು ಅಲ್ಲಿ ಕಲಸಿಹೋಗುತ್ತವೆ. ಹಾಗಾಗಿ ಅಲ್ಲೇ ಹೊಳೆದಂತೆ ಕಟ್ಟಿ ನುಡಿಸುವ ಕಲ್ಪನಾಸ್ವರ ಎಲ್ಲ ಮೇಲಿನ ಎರಡು ತಂತಿಗಳಲ್ಲಿ. ಆಲಾಪನೆಗೆ ಮಾತ್ರ ಕೆಳಗೆ ಇಳಿಯುತ್ತೇನೆ. ಆ ಮಂದ್ರಕ್ಕೋಸ್ಕರವೇ ಇಷ್ಟೆಲ್ಲ ಅಲ್ವಾ!

ಇನ್ನೊಂದು ಕಾಟ ವುಲ್ಫ್ ನೋಟ್. ಪೆಟ್ಟಿಗೆಗೆ ತನ್ನದೇ ಒಂದು ಕಂಪನ ಇರುತ್ತದೆ. ತಂತಿಯ ಸ್ವರ ಅದಕ್ಕೆ ತಾಗಿದರೆ ನಾದ ಗುರ್ರ್ ಅಂತ ನಡುಗುತ್ತದೆ. ಹೆಚ್ಚಿನ ಚೆಲ್ಲೋಗಳಲ್ಲಿ ಇದು ಎಫ್ ಸ್ವರದ ಆಸುಪಾಸಿನಲ್ಲಿ. ನನ್ನ ಶ್ರುತಿಗೆ ಅದು ಶುದ್ಧ ಮಧ್ಯಮ! ಶಂಕರಾಭರಣದಲ್ಲಿ ಮಧ್ಯಮವನ್ನು ಪಂಚಮದ ತಂತಿಯಲ್ಲಿ ಮೇಲೆ ಹೋಗಿ ಹಿಡಿದರೆ ಗುರುಗುಟ್ಟುತ್ತಿತ್ತು, ಪ್ರತಿ ಮಧ್ಯಮದ ಕಲ್ಯಾಣಿಯಲ್ಲಿ ಆ ಕಾಟವಿಲ್ಲ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಆಚೆಗಿನ ತಂತಿಯ ತುಂಡಿಗೆ ರಬ್ಬರ್ ಒಳಗಿರುವ ಸಣ್ಣ ಹಿತ್ತಾಳೆ ಕೊಳವೆ ಹಾಕಿದೆ. ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ ಹೋದರೆ ಒಂದು ಕಡೆ ಗುರುಗುಟ್ಟುವುದು ನಿಲ್ಲುತ್ತದೆ. ಆಟಿ ತಿಂಗಳ ಮಳೆಗೆ ಮರ ಉಬ್ಬಿ ಶ್ರುತಿ ತಿರುಗಿಸುವ ಬಿರಡೆ ಕಚ್ಚಿಕೊಂಡಾಗ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಬಾಲದ ಕಡೆಯ ಸಣ್ಣ ತಿರುಪುಗಳಲ್ಲೇ ಸುಧಾರಿಸಬೇಕು.

ಹೆಂಗಸರ ಐದು ಮನೆ (ಜಿ) ಶ್ರುತಿಗೆ ಲೆಕ್ಕವೇ ಬೇರೆ. ಅವರ ಮಧ್ಯ ಷಡ್ಜ 196, ಅಂದರೆ ಇಳಿಸಿಕೊಂಡ ನನ್ನ ತೆಳು ತಂತಿಯೇ. ತಾರ ಷಡ್ಜಕ್ಕೇ ತಂತಿಯ ನಡುಮಧ್ಯ ಬಂದಾಯಿತು. ಅಲ್ಲಿಂದ ಮೇಲೆ ಹೆಬ್ಬೆರಳನ್ನೂ ತಂತಿಯ ಮೇಲೆ ತಂದು ನುಡಿಸಬೇಕು. ಆಗುತ್ತದೆ, ಆದರೆ ಸುಮ್ನೆ ಸರ್ಕಸ್. ಅಂಥ ಕಛೇರಿಗೆ ನಾನು ಪಿಟೀಲೇ ಒಯ್ಯುತ್ತೇನೆ.