ಎರೆ ಮಣ್ಣಿನಲ್ಲೂ ಕೆಮ್ಮಣ್ಣಿನಲ್ಲೂ ಕ್ರೋಟನ್ ಬೆಳೆಸುವುದು

ಕ್ರೋಟನ್ ಬಿಸಿಲಿಗಿಂತ ನಿಂತ ನೀರಿಗೆ ಹೆಚ್ಚು ಹೆದರುವ ಗಿಡ. ದಾವಣಗೆರೆ ಕಡೆಯ ಎರೆ ಮಣ್ಣಿನಲ್ಲಿ ಹಸ್ತ, ಚಿತ್ತಾ ಮಳೆ ಜೋರಾಗಿ ಹಿಡಿದರೆ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು, ಹಾಗಾಗಿ ಎಲೆ ಜೋತುಬೀಳುತ್ತದೆ. ಅದನ್ನು ಕಂಡು ಗಿಡ ಬಾಯಾರಿದೆ ಎಂದು ಇನ್ನೊಂದು ಬಿಂದಿಗೆ ಸುರಿದರೆ ಗಿಡ ಉಳಿಯುವುದಿಲ್ಲ. ನೀರು ಹಾಕುವ ಮೊದಲು ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ. ತಂಪಾಗಿ ಅಂಟಿಕೊಂಡರೆ ಅಂದು ನೀರು ಬೇಡ.

ಇದು ಇಂಡೊನೇಷ್ಯಾ, ಮಲೇಷ್ಯಾ, ಪೆಸಿಫಿಕ್ ದ್ವೀಪಗಳ ಕಡೆಯ ಗಿಡ. ಸಸ್ಯಶಾಸ್ತ್ರದಲ್ಲಿ ಕೊಡಿಯಮ್ ವೇರಿಗೇಟಮ್, ನಮ್ಮ ಹರಳು ಗಿಡದ ಕುಟುಂಬದ್ದು. ಬೆಚ್ಚಗಿನ ತೇವದ ಗಾಳಿ, ನೀರು ಬಸಿದು ಹೋಗುವ ಮಣ್ಣು ಅದಕ್ಕೆ ರೂಢಿ. ಬೆಚ್ಚಗಿನ ಹವೆಗೆ ನಮ್ಮಲ್ಲಿ ಕೊರತೆಯಿಲ್ಲ, ಉಳಿದೆರಡನ್ನು ನಾವೇ ಒದಗಿಸಬೇಕು.

ಎರೆ ಭೂಮಿಯಲ್ಲಿ ಗುಂಡಿ ತೆಗೆದು ಒಳ್ಳೆಯ ಮಣ್ಣು ತುಂಬುವುದೇ ದೊಡ್ಡ ತಪ್ಪು. ಸುತ್ತಲಿನ ಜಿಗುಟು ಮಣ್ಣು ನೀರು ಬಿಡದೆ ಆ ಗುಂಡಿ ಬೋಗುಣಿಯಂತಾಗುತ್ತದೆ. ಅದರ ಬದಲು ನೆಲದ ಮೇಲೆಯೇ ಒಂದು ಅಡಿ ಎತ್ತರ, ಮೂರು ಅಡಿ ಅಗಲದ ಏರುಮಡಿ ಮಾಡಿ. ಎರಡು ಬುಟ್ಟಿ ಕೆಮ್ಮಣ್ಣಿಗೆ ಒಂದು ಬುಟ್ಟಿ ದಪ್ಪ ಮರಳು, ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಒಲೆಯ ಬೂದಿ, ಸುಣ್ಣ ಬೆರೆಸಬೇಡಿ. ಎರೆಯಲ್ಲಿ ಮೊದಲೇ ಸುಣ್ಣದ ಅಂಶ ಹೆಚ್ಚು, ಕ್ರೋಟನ್‌ಗೆ ತುಸು ಹುಳಿ ಮಣ್ಣೇ ಹಿತ.

ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಕೆಮ್ಮಣ್ಣಿನಲ್ಲಿ ಸಂಗತಿ ತಿರುಗುಮುರುಗು. ಅಲ್ಲಿ ನೀರು ಸೋರಿಹೋಗುತ್ತದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು 8ರಿಂದ 10 ಕೆ.ಜಿ. ಕೊಟ್ಟಿಗೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಮಣ್ಣಿಗೆ ಬೆರೆಸಿ ತುಂಬಿ. ಬುಡದ ಮೇಲೆ ಎರಡು ಇಂಚು ಹೊದಿಕೆ ಹಾಸಿ. ಚಳ್ಳಕೆರೆ ಕಡೆಯವರಿಗೆ ಶೇಂಗಾ ಹೊಟ್ಟು, ಚನ್ನಗಿರಿಯವರಿಗೆ ಅಡಿಕೆ ಸಿಪ್ಪೆ ಸುಲಭವಾಗಿ ಸಿಗುತ್ತದೆ. ಹೊದಿಕೆ ಕಾಂಡಕ್ಕೆ ತಾಗದಂತೆ ಮೂರು ಇಂಚು ಬಿಡಿ.

ನೆಡಲು ಮೃಗಶಿರ, ಆರಿದ್ರಾ ಮಳೆಯ ದಿನಗಳೇ ಸರಿ. ಗಿಡದಿಂದ ಗಿಡಕ್ಕೆ ಮೂರು ಅಡಿ, ಬೇಲಿಯಾಗಿ ಬೇಕಿದ್ದರೆ ಎರಡು ಅಡಿ. ಪಾಕೆಟ್‌ನಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ, ಒಂದು ಬೆರಳೂ ಹೆಚ್ಚು ಬೇಡ. ನರ್ಸರಿಯ ನೆರಳುಬಲೆಯಡಿ ಬೆಳೆದ ಗಿಡವನ್ನು ನೇರ ಬಿಸಿಲಿಗೆ ತಂದರೆ ಎಲೆ ಉದುರುತ್ತದೆ. 10ರಿಂದ 15 ದಿನ ಬೆಳಗಿನ ಬಿಸಿಲಲ್ಲಿ ಇಟ್ಟು ಒಗ್ಗಿಸಿ.

ಬಣ್ಣದ ಮೂಲ ಬೆಳಕು. ನೆರಳಿನಲ್ಲಿ ಎಲೆಯ ಹಸಿರು ಹೆಚ್ಚಿ ಕೆಂಪು, ಹಳದಿ ಎರಡೂ ಮಂಕಾಗುತ್ತವೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ಆದರೆ ಅದು ಬೆಳಗಿನದಾಗಿರಲಿ. ಪಶ್ಚಿಮದ ಗೋಡೆಯ ಪಕ್ಕ ನೆಟ್ಟರೆ ಏಪ್ರಿಲ್‌ನಲ್ಲಿ ಕಾದ ಗೋಡೆಯ ಝಳಕ್ಕೆ ಎಲೆಯ ನಡುವೆ ಸುಟ್ಟ ಕಂದು ಕಲೆ ಬೀಳುತ್ತದೆ. ಮನೆಯ ಪೂರ್ವ ಮಗ್ಗುಲು ಎಲ್ಲಕ್ಕಿಂತ ಒಳ್ಳೆಯದು. ಅಗಲ ಎಲೆಯ 'ಪೆಟ್ರಾ' ತಳಿಗೆ ಬಿಸಿಲು ಹೆಚ್ಚು ಬೇಕು. ಹಳದಿ ಚುಕ್ಕೆಯ 'ಗೋಲ್ಡ್ ಡಸ್ಟ್' ಅರೆನೆರಳಿನಲ್ಲೂ ಚೆನ್ನಾಗಿರುತ್ತದೆ. ಬಣ್ಣ ಬರಲೆಂದು ಯೂರಿಯಾ ಹಾಕುವವರಿದ್ದಾರೆ. ಸಾರಜನಕ ಹೆಚ್ಚಾದಷ್ಟೂ ಎಲೆ ಹಸಿರಾಗುತ್ತದೆ, ಅಷ್ಟೆ. ಜೂನ್ ಮತ್ತು ಅಕ್ಟೋಬರ್‌ನಲ್ಲಿ ಗಿಡಕ್ಕೆ ಎರಡು ಕೆ.ಜಿ. ಎರೆಹುಳು ಗೊಬ್ಬರ ಸಾಕು. ಪೂರ್ತಿ ಹಸಿರಾದ ರೆಂಬೆ ಹೊರಟರೆ ಬುಡದಿಂದಲೇ ಕತ್ತರಿಸಿ. ಅದು ಜೋರಾಗಿ ಬೆಳೆದು ಬಣ್ಣದ ರೆಂಬೆಗಳನ್ನು ಹಿಂದಿಕ್ಕುತ್ತದೆ.

ಬೇಸಿಗೆಯಲ್ಲಿ ಬೇರೂರಿದ ಗಿಡಕ್ಕೆ ಕೆಮ್ಮಣ್ಣಿನಲ್ಲಿ ಮೂರು ದಿನಕ್ಕೊಮ್ಮೆ 8ರಿಂದ 10 ಲೀಟರ್, ಎರೆ ಭೂಮಿಯ ಏರುಮಡಿಯಲ್ಲಿ ವಾರಕ್ಕೊಮ್ಮೆ ಅಷ್ಟೇ ನೀರು ಕೊಡಿ. ಗಡಸು ಬೋರ್‌ವೆಲ್ ನೀರು ಹಾಕುತ್ತಿದ್ದರೆ ಎಳೆ ಎಲೆಯ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಬಿಳಚಿಕೊಳ್ಳಬಹುದು. ಅದನ್ನು ಹೊಸ ಬಣ್ಣವೆಂದು ಸಂತೋಷಪಡಬೇಡಿ, ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿ, 15 ದಿನ ಬಿಟ್ಟು ಮತ್ತೊಮ್ಮೆ. ಮಳೆನೀರು ಹಿಡಿದಿಟ್ಟಿದ್ದರೆ ಮೊದಲು ಈ ಗಿಡಕ್ಕೆ ಕೊಡಿ.

ಫೆಬ್ರವರಿಯಿಂದ ಮೇವರೆಗೆ ಒಣಗಾಳಿಗೆ ಕೆಂಪು ನುಸಿ ಬರುತ್ತದೆ. ಎಲೆಯ ಹೊಳಪು ಹೋಗಿ ಧೂಳು ಮೆತ್ತಿದಂತೆ ಕಾಣುತ್ತದೆ, ಕೆಳಗೆ ನವಿರಾದ ಬಲೆ. ವಾರಕ್ಕೆರಡು ಸಲ ಎಲೆಯ ಅಡಿಭಾಗಕ್ಕೆ ಪೈಪಿನಿಂದ ನೀರು ರಭಸವಾಗಿ ಹೊಡೆದರೆ ಅರ್ಧ ಕಾಟ ಮುಗಿಯುತ್ತದೆ. ಉಳಿದದ್ದಕ್ಕೂ ಹಿಟ್ಟು ತಿಗಣೆಗೂ ಲೀಟರ್‌ಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಕದಡಿ, ಬಿಸಿಲು ಇಳಿದ ಮೇಲೆ ಹೊಡೆಯಿರಿ. ಹರಳು ಗಿಡ ತಿನ್ನುವ ಕೊಂಡಲಿ ಹುಳು ಇದಕ್ಕೂ ಬರುತ್ತದೆ. ಕಂಡಾಗ ಕೈಯಿಂದ ಆರಿಸಿದರಾಯಿತು.

ಗಿಡ ಹೆಚ್ಚಿಸಲು ಬೀಜ ನಂಬಬೇಡಿ, ತಾಯಿಯ ಬಣ್ಣವೇ ಬರುತ್ತದೆಂದು ಹೇಳಲಾಗದು. ಜೂನ್, ಜುಲೈನಲ್ಲಿ 10ರಿಂದ 15 ಸೆಂ.ಮೀ. ಉದ್ದದ ತುದಿ ಕತ್ತರಿಸಿ, ಮೇಲಿನ ಮೂರ್ನಾಲ್ಕು ಎಲೆ ಉಳಿಸಿ. ಕತ್ತರಿಸಿದಲ್ಲಿ ಬಿಳಿ ಹಾಲು ಸುರಿಯುತ್ತದೆ. ಕೈಗವಸು ಹಾಕಿಕೊಳ್ಳಿ, ಅದು ಚರ್ಮಕ್ಕೆ ತುರಿಕೆ ತರುತ್ತದೆ, ಕಣ್ಣಿಗೆ ಬೀಳಲೇಬಾರದು. ಮಕ್ಕಳು ಎಲೆ ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಹಾಲು ನಿಲ್ಲುವ ತನಕ ತುಂಡನ್ನು ನೀರಿನಲ್ಲಿಟ್ಟು, ಮರಳು ಮತ್ತು ತೆಂಗಿನ ನಾರಿನ ಪುಡಿಯ ಸಮಪಾಲಿನಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಿನಲ್ಲಿಡಿ. ನಾಲ್ಕರಿಂದ ಆರು ವಾರಕ್ಕೆ ಬೇರು ಬರುತ್ತದೆ. ಬಂದಿದೆಯೋ ಎಂದು ಕಿತ್ತು ನೋಡಿದರೆ ಎಳೆ ಬೇರು ಹರಿಯುತ್ತದೆ. ತುದಿಯಲ್ಲಿ ಹೊಸ ಎಲೆ ಬಿಚ್ಚಿಕೊಂಡ ಮೇಲೆ ಕುಂಡಕ್ಕೆ ಬದಲಿಸಿ. ಆ ಎಲೆ ಬರೀ ಹಸಿರಾಗಿದ್ದರೂ ಚಿಂತೆಯಿಲ್ಲ, ಬಲಿತಂತೆ ಬಣ್ಣ ಏರುತ್ತದೆ.