ಮಗಳು ಟೆಕ್ಸ್‌ಟೈಲ್ ಡಿಸೈನ್ ಓದುತ್ತೇನೆ ಅಂದರೆ

ಇಂಗ್ಲೆಂಡಿನಲ್ಲಿ 16 ವರ್ಷಕ್ಕೆ ಜಿಸಿಎಸ್ಇ, ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ, ಮುಗಿಯುತ್ತದೆ. ಆಮೇಲಿನ ಎರಡು ವರ್ಷ ಸಿಕ್ಸ್ತ್ ಫಾರ್ಮ್, ನಮ್ಮ ಪಿಯುಸಿ ಇದ್ದ ಹಾಗೆ. ಸಾಮಾನ್ಯವಾಗಿ ಮೂರೇ ವಿಷಯ. ನನ್ನ ಮಗಳು ಮ್ಯಾಥ್ಸ್, ಕೆಮಿಸ್ಟ್ರಿ ಜೊತೆ ಟೆಕ್ಸ್‌ಟೈಲ್ ಡಿಸೈನ್ ತಗೊಂಡಾಗ ಧಾರವಾಡದಿಂದ ಅಜ್ಜಿ ಫೋನಿನಲ್ಲಿ ಕೇಳಿದ್ದು ಒಂದೇ: "ಟೇಲರಿಂಗ್ ಏನವಾ?" ಅಲ್ಲ. ಕಸೂತಿ, ಅಚ್ಚು, ಬಣ್ಣದಿಂದ ಬಟ್ಟೆಯ ಮೇಲೆ ವಿನ್ಯಾಸ ಮಾಡುವ ಓದು ಇದು. ಹೊಲಿಗೆ ಮಿಷನ್ ಮುಟ್ಟದೆಯೂ ಒಳ್ಳೆ ಅಂಕ ತೆಗೆಯಬಹುದು.

ಮೊದಲು ಅಂಕದ ಲೆಕ್ಕ ತಿಳಿದುಕೊಳ್ಳಿ. ಪರೀಕ್ಷೆ ನಡೆಸುವ ಎಕ್ಯೂಎ ಬೋರ್ಡಿನಲ್ಲಿ 60% ಅಂಕ ನೀವೇ ಆರಿಸಿದ ಥೀಮಿನ ಮೇಲೆ ತಿಂಗಳುಗಟ್ಟಲೆ ಮಾಡುವ ಕೆಲಸಕ್ಕೆ. ಅದರಲ್ಲೇ 1000ದಿಂದ 3000 ಪದಗಳ ಬರವಣಿಗೆಯೂ ಸೇರುತ್ತದೆ. ಉಳಿದ 40% ಬೋರ್ಡ್ ಕೊಡುವ ಥೀಮಿಗೆ. ಆ ಥೀಮಿನ ಪ್ರಶ್ನೆಪತ್ರಿಕೆ ಕೊನೆ ವರ್ಷದ ಫೆಬ್ರವರಿಯಲ್ಲಿ ಕೈಗೆ ಬರುತ್ತದೆ, ತಯಾರಿ ಮಾಡಿಕೊಂಡು ಕೊನೆಗೆ ಮೇಷ್ಟ್ರ ಕಣ್ಣೆದುರು ಒಟ್ಟು 15 ಗಂಟೆ ಕೂತು ಮಾಡಬೇಕು. ಬಾಯಿಪಾಠದ ಪರೀಕ್ಷೆ ಇಲ್ಲ, ಅದಕ್ಕೇ ಸುಲಭ ಅಂದುಕೊಂಡು ಬರುವವರು ಜಾಸ್ತಿ. ಕ್ರಿಸ್‌ಮಸ್ ಹೊತ್ತಿಗೆ ಗೊತ್ತಾಗುತ್ತದೆ.

ಥೀಮ್ ಆರಿಸುವಾಗ ಕೈಗೆ ಸಿಗುವಂಥದ್ದು ಹಿಡಿಯಿರಿ. ನಮ್ಮವಳು ಮೂರು ವಾರ "ಪ್ರಕೃತಿ" ಅಂತ ಕೂತಳು. ಸುಮ್ನೆ ಫೋನಿನಿಂದ ಎಲೆ, ಹೂವಿನ ಚಿತ್ರ ಪ್ರಿಂಟ್ ಹಾಕಿ ಪುಟ ತುಂಬಿಸಿದ್ದೇ ಬಂತು. ಕೊನೆಗೆ ನನ್ನ ಇಳಕಲ್ ಸೀರೆ ತೆಗೆದು, ಅದರ ಮೇಲಿನ ಕಸೂತಿ ಗೋಪುರವನ್ನು ಭೂತಗನ್ನಡಿ ಹಿಡಿದು ನೋಡತೊಡಗಿದಳು. ಗವಂತಿ ಹೊಲಿಗೆ. ಬಟ್ಟೆಯ ಎಳೆ ಎಣಿಸಿ, ಒಂದು ಬಿಟ್ಟು ಒಂದು ಹಾಕುತ್ತ ಮುಂದೆ ಹೋಗುವುದು, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ವಾಪಸ್ ಬರುವುದು. ಗಂಟು ಹಾಕುವ ಹಾಗಿಲ್ಲ. ಸೀರೆ ತಿರುಗಿಸಿದರೆ ಹಿಂದೆಯೂ ಅದೇ ಗೋಪುರ! ಇಂಗ್ಲೆಂಡಿನಲ್ಲೂ ಈ ಹೊಲಿಗೆ ಹಳೆಯದೇ, ಹೆಸರು ಹೋಲ್‌ಬೈನ್ ಸ್ಟಿಚ್. ಎಂಟನೇ ಹೆನ್ರಿಯ ಆಸ್ಥಾನದ ಚಿತ್ರಕಾರ ಹಾನ್ಸ್ ಹೋಲ್‌ಬೈನ್ ಬರೆದ ರಾಣಿ ಜೇನ್ ಸೀಮೋರ್ ಚಿತ್ರದಲ್ಲಿ ತೋಳಿನ ತುದಿ ನೋಡಿ, ಕಪ್ಪು ದಾರದ ಕಸೂತಿ ಕಾಣುತ್ತದೆ. ಧಾರವಾಡದ ಸೀರೆಗೂ ಲಂಡನ್ನಿನ ಅರಮನೆಗೂ ಒಂದೇ ಸೂಜಿ ನಡೆ ಸಿಕ್ಕಿದ ಮೇಲೆ ಬರವಣಿಗೆಗೆ ಸರಕು ಹುಡುಕಬೇಕಾ?

ಆಮೇಲೆ ಸ್ಯಾಂಪಲ್. ಅಂಗೈ ಅಗಲದ ತುಂಡು ಸಾಕು, ಆದರೆ ತುಂಬಾ ಬೇಕು. ಅದೇ ಗೋಪುರವನ್ನು ದಪ್ಪ ಉಣ್ಣೆ ದಾರದಲ್ಲಿ ಮಾಡಿ, ಲೈನೋ ಅನ್ನುವ ಮೆತ್ತನೆ ಹಾಳೆ ಕೊರೆದು ಅಚ್ಚು ಹಾಕಿ, ಮೇಣ ಹಚ್ಚಿ ಬಣ್ಣದಲ್ಲಿ ಅದ್ದಿ ನೋಡಿ. ಪ್ರತಿ ತುಂಡಿನ ಪಕ್ಕ ಯಾವ ಬಟ್ಟೆ, ಯಾವ ಬಣ್ಣ, ಎಷ್ಟು ಹೊತ್ತು, ಏನು ಕೆಟ್ಟಿತು ಅಂತ ಆಗಲೇ ಬರೆದುಬಿಡಿ. ನಾಳೆ ಬರೆಯುತ್ತೇನೆ ಅಂದರೆ ಮುಗಿಯಿತು.

ನಮ್ಮ ಮನೆಯ ಕಥೆ ಕೇಳಿ. ಕಾಟನ್ ಅಂತ ನಾನೇ ಕೊಟ್ಟ ಹಳೇ ದುಪಟ್ಟಾಗೆ ವಾಷಿಂಗ್ ಸೋಡಾ ಹಾಕಿ ತಣ್ಣೀರಲ್ಲೇ ಹಿಡಿಯುವ ಬಣ್ಣ ಹಚ್ಚಿ ರಾತ್ರಿಯಿಡೀ ಇಟ್ಟಳು. ಬೆಳಗ್ಗೆ ತೊಳೆದರೆ ಬಣ್ಣವೆಲ್ಲ ಸಿಂಕಿಗೆ, ದುಪಟ್ಟಾ ಪೇಲವ. ಒಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿದೆವು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ಇದು ಕರಗಿ ಗಟ್ಟಿ ಮಣಿಯಾಯಿತು, ಪಾಲಿಯೆಸ್ಟರ್. ಆ ಬಣ್ಣ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಅದಕ್ಕೆ ಬೇರೆ ಬಣ್ಣವಿದೆ, ಕಾಗದದ ಮೇಲೆ ಬಳಿದು ಒಣಗಿಸಿ ಬಿಸಿ ಇಸ್ತ್ರಿಯಿಂದ ಬಟ್ಟೆಗೆ ಇಳಿಸುವುದು. ನಾನು ದುಪಟ್ಟಾ ಎಸೆಯಲು ಹೊರಟಿದ್ದೆ. ಅವಳು ತುಂಡು ಕತ್ತರಿಸಿ, ಸುಟ್ಟ ಮಣಿಯನ್ನೂ ಸೇರಿಸಿ ಪುಸ್ತಕಕ್ಕೆ ಅಂಟಿಸಿದಳು. ಅದೇ ಸರಿ. ಇಲ್ಲಿ ಅಂಕ ಕೊನೆಯ ಬಟ್ಟೆಯೊಂದಕ್ಕೇ ಅಲ್ಲ, ಅಲ್ಲಿಗೆ ಬಂದ ದಾರಿಗೂ ಇದೆ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಕಲಾ ಮ್ಯೂಸಿಯಂಗೆ ಒಂದು ದಿನ ಹೋಗಿ ಬನ್ನಿ, ಪ್ರವೇಶ ಉಚಿತ. ಫೋಟೊ ಕಡಿಮೆ ತೆಗೆಯಿರಿ, ಕೂತು ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳಿ.

ಕೊನೆಯ 15 ಗಂಟೆಗೆ ಹೊಸ ಪ್ರಯೋಗ ಬೇಡ. ಬಣ್ಣ ಒಣಗಲಿ ಅಂತ ಸುಮ್ಮನೆ ಕೂತರೆ ಹೊತ್ತು ಹೋಗುತ್ತದೆ, ಆ ಹೊತ್ತಿನಲ್ಲಿ ಯಾವ ಕೈಕಸೂತಿ ಮಾಡುವುದು ಅಂತ ಮೊದಲೇ ಚೀಟಿ ಬರೆದಿಟ್ಟುಕೊಳ್ಳಿ. ಇದೇ ಪುಸ್ತಕಗಳನ್ನು ಜೋಪಾನ ಮಾಡಿ. ಮುಂದೆ ಒಂದು ವರ್ಷದ ಫೌಂಡೇಶನ್ ಕೋರ್ಸಿಗೋ ಡಿಗ್ರಿಗೋ ಅರ್ಜಿ ಹಾಕುವಾಗ ಪೋರ್ಟ್‌ಫೋಲಿಯೊ ಅಂತ ಕೇಳುವುದು ಇದನ್ನೇ.

ಅಜ್ಜಿಗೆ ಈಗ ವಾರಕ್ಕೊಂದು ಫೋಟೊ ಹೋಗುತ್ತದೆ. ಮೊನ್ನೆ ಬಂದ ಉತ್ತರ: "ಹಿಂದಿನ ಮಗ್ಗಲು ತೋರಿಸು, ಗಂಟು ಹಾಕೀಯೇನು ನೋಡೂಣು."