ಇನಿಷಿಯಲ್ ಒಂದರಿಂದ ನಿಂತಿದ್ದ ಪಿಎಫ್ ದುಡ್ಡು

ಎಂಬಿಎ ಮೂರನೇ ಸೆಮಿಸ್ಟರ್‌ನಲ್ಲಿ ಪೀಣ್ಯದ ಒಂದು ಗಾರ್ಮೆಂಟ್ಸ್‌ನ ಎಚ್‌ಆರ್ ವಿಭಾಗದಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಮೊದಲ ವಾರವೇ ಟೈಲರಿಂಗ್ ಲೈನಿನ ಅಕ್ಕ ಒಬ್ಬರು ಬಂದು, ಮಗಳ ಮದುವೆಗೆ ಪಿಎಫ್ ಅಡ್ವಾನ್ಸ್ ಕೇಳಿದರೆ ಅರ್ಜಿ ತಿರಸ್ಕಾರ ಆಗ್ತಿದೆ ಅಂತ ಕಣ್ಣೀರು ಹಾಕಿದರು.

ಕಾರಣ ತೀರಾ ಸಣ್ಣದು. ಆಧಾರ್‌ನಲ್ಲಿ ಬರೀ ಹೆಸರು. ಪಿಎಫ್ ದಾಖಲೆಯಲ್ಲಿ ಹೆಸರಿನ ಹಿಂದೆ ಊರಿನ ಇನಿಷಿಯಲ್. ನಮ್ಮ ಕಡೆ ಇನಿಷಿಯಲ್ ಹಿಂದೆ, ಮುಂದೆ, ಹೇಗೆ ಬೇಕಾದರೂ ಬರೆಯುತ್ತೇವೆ. ಕಂಪ್ಯೂಟರ್‌ಗೆ ಮಾತ್ರ ಆ ಎರಡು ಹೆಸರೂ ಬೇರೆ ಬೇರೆ ಮನುಷ್ಯರದ್ದು.

ಪರಿಹಾರ ಜಾಯಿಂಟ್ ಡಿಕ್ಲರೇಷನ್, ಅಂದರೆ ಪಿಎಫ್ ದಾಖಲೆ ತಿದ್ದಲು ನೌಕರರೂ ಕಂಪನಿಯೂ ಸೇರಿ ಕೊಡುವ ಹೇಳಿಕೆ. ಅವರ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಲಾಗಿನ್‌ನಿಂದ ತಿದ್ದುಪಡಿ ಕೋರಿಕೆ ಹಾಕಿ, ಕಂಪನಿಯ ಕಡೆಯಿಂದ ಒಪ್ಪಿಗೆ ಕೊಡಿಸಬೇಕಿತ್ತು. ಆದರೆ ಒಟಿಪಿ ಹೋಗುತ್ತಿದ್ದದ್ದು ಊರಲ್ಲಿದ್ದ ಮಗನ ಫೋನಿಗೆ! ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಬೆಂಚಿನ ಮೇಲೆ ಕೂತು, ಮಗನಿಗೆ ಫೋನ್ ಹಚ್ಚಿ, ಅವನು ಓದಿದ ಅಂಕಿಗಳನ್ನು ಒಂದೊಂದಾಗಿ ಒತ್ತಿದೆವು. ಮೂರನೇ ಸಲಕ್ಕೆ ಆಯಿತು. ನನಗೇ ಎದೆ ಹಗುರಾಯಿತು.

ಆಮೇಲೆ ಮ್ಯಾನೇಜರ್ ಒಪ್ಪಿಗೆ ಪಡೆದು ಇಡೀ ಲೈನಿನ ಹೆಸರುಗಳನ್ನು ಆಧಾರ್ ಜೊತೆ ತಾಳೆ ನೋಡಿದೆ. ಹನ್ನೊಂದು ಜನರದ್ದು ಇದೇ ಕಥೆ. ಈಗ ಹೊಸಬರು ಸೇರಿದಾಗ ಬಾಯಲ್ಲಿ ಹೇಳಿದ ಹೆಸರು ಟೈಪ್ ಮಾಡುವುದಿಲ್ಲ, ಆಧಾರ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿಯೇ ಬರೆಯುತ್ತಾರೆ.